ಕಾಲಪರೀಕ್ಷೆಗೆ ದಿಂಬಂ ಘಟ್ಟ ಬೇಡ

ಕಳೆದ ತಿಂಗಳು ಐಚ್ಛಿಕ ಕನ್ನಡದ ಮೂವರು ವಿದ್ಯಾರ್ಥಿಗಳು ವಿಭಾಗದ ಕೊಠಡಿಗೆ ಬಂದು ನನ್ನ ಮುಂದೆ ಒಂದು ಬೇಡಿಕೆಯನ್ನಿಟ್ಟರು. ಈ ವರ್ಷದ ಕ್ರೀಡಾಕೂಟದಲ್ಲಿ ಸೈಕಲ್ ಟೈಮ್ ಟ್ರಯಲ್ ನಡೆಯಬೇಕು, ಅದು ಬಣ್ಣಾರಿಯಿಂದ ದಿಂಬಂವರೆಗೆ ಇಪ್ಪತ್ತೇಳು ತಿರುವುಗಳ ಘಟ್ಟದಲ್ಲೇ ನಡೆಯಬೇಕು, ಪ್ರಾಂಶುಪಾಲರನ್ನು ನಾನು ಒಪ್ಪಿಸಬೇಕು. “ಸರ್, ನೀವು ಹಾಸನೂರಿನವರು, ಸೈಕಲ್ಲೂ ತುಳಿಯುತ್ತೀರಿ. ನೀವು ಹೇಳಿದರೆ ಆಗುತ್ತದೆ” ಎಂದರು. ಬೇಡಿಕೆಯ ಮೊದಲರ್ಧವನ್ನು ಕೇಳಿ ಎಷ್ಟು ಸಂತೋಷಪಟ್ಟೆನೋ ಎರಡನೆಯ ಅರ್ಧವನ್ನು ಕೇಳಿ ಅಷ್ಟೇ ಗಾಬರಿಗೊಂಡೆ. ಅಂದು ಗಂಟೆ ಬಾರಿಸಿತು, ತರಗತಿಗೆ ಹೋಗಬೇಕಾಗಿತ್ತು. ಉತ್ತರವನ್ನು ವಾರ್ತಾಪತ್ರದಲ್ಲಿ ಬರೆಯುತ್ತೇನೆಂದು ಹೇಳಿ ಕಳುಹಿಸಿದೆ. ಆ ಉತ್ತರವಿದು.

ಈ ಸ್ಪರ್ಧೆಯನ್ನು ಅರಿಯದವರಿಗಾಗಿ ಮೊದಲು ಎರಡು ಮಾತು. ಸಾಮಾನ್ಯ ಸೈಕಲ್ ಪಂದ್ಯದಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಮುಂದಿನವನ ಬೆನ್ನಿಗೆ ಅಂಟಿಕೊಂಡು, ಅವನು ಸೀಳಿದ ಗಾಳಿಯ ಮರೆಯಲ್ಲಿ ಶಕ್ತಿಯನ್ನು ಉಳಿಸಿಕೊಂಡು, ಕೊನೆಯ ನೂರಿನ್ನೂರು ಮೀಟರಿನಲ್ಲಿ ನುಗ್ಗುವವನೇ ಅಲ್ಲಿ ಅನೇಕ ಸಲ ಗೆಲ್ಲುತ್ತಾನೆ. ಟೈಮ್ ಟ್ರಯಲ್ ಹಾಗಲ್ಲ. ಒಬ್ಬೊಬ್ಬರೇ, ಸಾಮಾನ್ಯವಾಗಿ ಒಂದೊಂದು ನಿಮಿಷದ ಅಂತರದಲ್ಲಿ, ಹೊರಡಬೇಕು. ಹಿಂದಿನಿಂದ ಬಂದವನು ನಿಮ್ಮನ್ನು ದಾಟಿದರೆ ಅವನ ಬೆನ್ನು ಹಿಡಿಯುವಂತಿಲ್ಲ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಇಪ್ಪತ್ತೈದು ಮೀಟರು ದೂರ ಕಾಯ್ದುಕೊಳ್ಳಬೇಕು. ಕೊನೆಯಲ್ಲಿ ಯಾರು ಮೊದಲು ಬಂದರೆಂಬುದು ಮುಖ್ಯವಲ್ಲ, ಯಾರು ಎಷ್ಟು ಹೊತ್ತು ತೆಗೆದುಕೊಂಡರೆಂಬುದು ಮುಖ್ಯ. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಆ ಮೂವರಲ್ಲಿ ಒಬ್ಬಳನ್ನು ಕೇಳಿದಾಗ ಆಕೆ ಕ್ಷಣವೂ ಯೋಚಿಸದೆ “ಕಾಲಪರೀಕ್ಷೆ” ಎಂದಳು. ಕಾಲದ ಪರೀಕ್ಷೆಯೂ ಹೌದು, ಕಾಲಿನ ಪರೀಕ್ಷೆಯೂ ಹೌದು. ವ್ಯಾಕರಣದ ಮೇಷ್ಟರು ಸಮಾಸವನ್ನು ಹೇಗೆ ಬಿಡಿಸುವರೋ ತಿಳಿಯದು. ನನಗಂತೂ ಪದ ಹಿಡಿಸಿತು. ಮುಂದೆ ಅದನ್ನೇ ಬಳಸುತ್ತೇನೆ.

ಈ ಆಟ ಹುಟ್ಟಿದ ಬಗೆ ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ರಸ್ತೆಗಳಲ್ಲಿ ಸೈಕಲ್ ಸವಾರರು ಗುಂಪುಗುಂಪಾಗಿ ಪಂದ್ಯ ಕಟ್ಟುತ್ತಿದ್ದರು. ಆ ರಸ್ತೆಗಳು ಕುದುರೆಗಾಡಿಗಳವು. ಹಿಂದಿನಿಂದ ಸದ್ದಿಲ್ಲದೆ ನುಗ್ಗಿ ಬರುವ ಸೈಕಲ್ಲಿನ ಹಿಂಡನ್ನು ಕಂಡು ಕುದುರೆಗಳು ಬೆದರುತ್ತಿದ್ದವು. 1894ರಲ್ಲಿ ಅಂಥದೇ ಒಂದು ಪಂದ್ಯದ ನಡುವೆ ಮಹಿಳೆಯೊಬ್ಬರ ಗಾಡಿಯ ಕುದುರೆ ಬೆದರಿತು, ಸವಾರರೂ ಉರುಳಿಬಿದ್ದರು, ದೂರು ಪೊಲೀಸರವರೆಗೆ ಹೋಯಿತು. ಪಂದ್ಯಗಳಿಂದಾಗಿ ಸೈಕಲ್ಲನ್ನೇ ರಸ್ತೆಯಿಂದ ಹೊರಗಟ್ಟಿಯಾರೆಂದು ಹೆದರಿದ ಸೈಕಲ್ ಸಂಘಟನೆಯೇ ರಸ್ತೆ ಪಂದ್ಯಗಳಿಗೆ ವಿರುದ್ಧವಾಗಿ ನಿಂತಿತು. ಆ ದಿನ ಬಿದ್ದವರ ಗುಂಪಿನಲ್ಲಿದ್ದ ಎಫ್. ಟಿ. ಬಿಡ್ಲೇಕ್ ಎಂಬಾತ ಇನ್ನೊಂದು ದಾರಿಯನ್ನು ಯೋಚಿಸಿದ. ಗುಂಪಾಗಿ ಹೋದರಲ್ಲವೇ ಕುದುರೆ ಬೆದರುವುದು? ಒಬ್ಬೊಬ್ಬರಾಗಿ ಬಿಟ್ಟು ಹೊತ್ತನ್ನು ಗುರುತು ಹಾಕಿದರಾಯಿತು. 1895ರ ಅಕ್ಟೋಬರ್ 5ರಂದು ನಾರ್ತ್ ರೋಡ್ ಕ್ಲಬ್ಬಿನವರು ಐವತ್ತು ಮೈಲಿಯ ಅಂಥ ಮೊದಲ ಸ್ಪರ್ಧೆಯನ್ನು ನಡೆಸಿದರು. ಆಮೇಲೆ ದಶಕಗಳ ಕಾಲ ಅಲ್ಲಿಯ ಸವಾರರು ಮೈತುಂಬ ಕಪ್ಪು ಬಟ್ಟೆ ತೊಟ್ಟು, ಮಾರ್ಗಕ್ಕೆ ಗುಟ್ಟಿನ ಸಂಖ್ಯೆಯನ್ನಿಟ್ಟು, ಜನ ಏಳುವ ಮುನ್ನವೇ ಓಡಿ ಮುಗಿಸುತ್ತಿದ್ದರು. ಮೋಟಾರು ಬಂದು ಕುದುರೆಗಳು ಮಾಯವಾದ ಮೇಲೂ ಆಟ ಉಳಿಯಿತು.

ಎಂದರೆ ಕಾಲಪರೀಕ್ಷೆಯ ಮೂಲದಲ್ಲೇ ಇರುವುದು ಒಂದು ಒಪ್ಪಂದ: ರಸ್ತೆ ನಮ್ಮೊಬ್ಬರದಲ್ಲ, ಅದರ ಮೇಲೆ ಬೆದರುವ ಪ್ರಾಣಿಯೂ ಇದೆ. ಇದನ್ನು ಹಾಸನೂರಿನವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಸನೂರೆಂದರೆ ಬಸ್ಸಿನ ಫಲಕದ ಮೇಲೆ ಆಸನೂರು. ತಮಿಳಿನ ಲಿಪಿಗೆ ನಮ್ಮ ಹಕಾರ ಒಗ್ಗದು. ಊರಿನವರ ಬಾಯಿಯಲ್ಲಿ ಮಾತ್ರ ಅದು ಉಳಿದುಕೊಂಡಿದೆ. ಬೆಂಗಳೂರು–ಕೊಯಮತ್ತೂರು ಹೆದ್ದಾರಿ ನಮ್ಮೂರನ್ನು ಸೀಳಿಕೊಂಡು ಹೋಗುತ್ತದೆ. ಸುತ್ತ ಇರುವುದು 2013ರಲ್ಲಿ ಘೋಷಿತವಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ತಾಳವಾಡಿ ಸೀಮೆಯ ಕಬ್ಬಿನ ಲಾರಿಗಳು ಸಾಗುವ ಕಾರಪಳ್ಳಂ ತನಿಖಾ ಠಾಣೆಯ ಆಚೀಚೆ ಆನೆಗಳು ರಸ್ತೆಯ ಅಂಚಿನಲ್ಲಿ ನಿಂತು ಲಾರಿ ಕಾಯುವುದನ್ನು ನಿಮ್ಮಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದ ನೋಡಿದ್ದೀರಿ, ಮೊಬೈಲಿನಲ್ಲಿ ಹಿಡಿದೂ ಇದ್ದೀರಿ. ಬಸ್ಸಿನ ಕಿಟಕಿಯ ಹಿಂದಿರುವವನಿಗೆ ಅದು ದೃಶ್ಯ. ಸೈಕಲ್ಲಿನ ಮೇಲಿರುವವನಿಗೆ ಹಾಗಲ್ಲ. ಸೈಕಲ್ಲು ಸದ್ದು ಮಾಡುವುದಿಲ್ಲ. ಲಾರಿಯ ಸದ್ದಿಗೆ ಪಕ್ಕಕ್ಕೆ ಸರಿದು ನಿಲ್ಲುವ ಆನೆಗೆ ತಿರುವಿನಲ್ಲಿ ಸೈಕಲ್ಲು ಎದುರಾಗುವುದು ಹಠಾತ್ತನೆ. ಬಿಡ್ಲೇಕನ ಕುದುರೆ ಗಾಡಿಗೆ ಕಟ್ಟಿದ್ದಾಗಿತ್ತು. ನಮ್ಮದನ್ನು ಯಾರೂ ಕಟ್ಟಿಲ್ಲ.

ದಿಂಬಂ ಘಟ್ಟದ ಮಾತು ಇನ್ನೂ ಬೇರೆ. ಆ ರಸ್ತೆಯಲ್ಲಿ ರಾತ್ರಿಯ ವಾಹನಗಳಡಿ ಸಿಕ್ಕು ಸತ್ತ ಕಾಡುಪ್ರಾಣಿಗಳ ಲೆಕ್ಕ ನ್ಯಾಯಾಲಯದ ಮುಂದೆ ಬಂದು, 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಿತ್ತು. ತಾಳವಾಡಿಯ ರೈತರು ಅಂದು ಬೀದಿಗಿಳಿದು ಪ್ರತಿಭಟಿಸಿದರು. ಎಲೆಕೋಸು ಟೊಮೆಟೊ ತುಂಬಿದ ಲಾರಿ ರಾತ್ರಿಯಿಡೀ ನಿಂತರೆ ನಷ್ಟ ಯಾರಿಗೆಂಬ ಅವರ ಪ್ರಶ್ನೆ ಸುಳ್ಳಲ್ಲ. ಸತ್ತ ಪ್ರಾಣಿಗಳ ಲೆಕ್ಕವೂ ಸುಳ್ಳಲ್ಲ. ಅಂಥ ಜಗ್ಗಾಟದ ಮೇಲೆ ಇಂದು ತೆರೆದಿರುವ ರಸ್ತೆಯದು. ಬೆಳಿಗ್ಗೆ ಗೇಟು ತೆರೆದಾಗ ಸಾಲುಗಟ್ಟಿ ನಿಂತ ಲಾರಿಗಳೆಲ್ಲ ಒಮ್ಮೆಲೆ ಘಟ್ಟ ಹತ್ತುತ್ತವೆ, ಇಳಿಯುತ್ತವೆ. ಉದ್ದನೆಯ ಲಾರಿ ತಿರುವಿನಲ್ಲಿ ಇಡೀ ರಸ್ತೆಯನ್ನು ನುಂಗಿಕೊಂಡು ತಿರುಗುವಾಗ ಅದರ ಒಳಬದಿಯಲ್ಲಿ ತಲೆ ತಗ್ಗಿಸಿ ತುಳಿಯುತ್ತಿರುವ ಹತ್ತೊಂಬತ್ತರ ಹುಡುಗನನ್ನು ನಾನು ಕಲ್ಪಿಸಿಕೊಳ್ಳಲಾರೆ. ಹತ್ತುವುದಾದರೂ ಮೆಲ್ಲಗೆ, ಸ್ಪರ್ಧೆ ಮುಗಿದ ಮೇಲೆ ಆ ಇಪ್ಪತ್ತೇಳು ತಿರುವುಗಳನ್ನು ಇಳಿಯಲೂ ಬೇಕಲ್ಲ! ರಬ್ಬರು ಸವೆದ ಬ್ರೇಕಿನ ಸೈಕಲ್ಲಿನಲ್ಲಿ?

“ಬೇರೆಯವರು ಮಾಡುತ್ತಿದ್ದಾರಲ್ಲ ಸರ್” ಎಂಬ ಮಾತು ಬರುತ್ತದೆಂದು ಬಲ್ಲೆ. ಸ್ಟ್ರಾವಾದಂಥ ಆ್ಯಪುಗಳಲ್ಲಿ ಘಟ್ಟಘಟ್ಟಕ್ಕೂ ವೇಗದ ಪಟ್ಟಿ ಇರುತ್ತದೆ, ಪಟ್ಟಿಯ ತುದಿಗೇರುವ ಆಸೆಯೂ ಇರುತ್ತದೆ. 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲಗಿರೀಸ್ ಎಂಬ ಸೈಕಲ್ ಯಾತ್ರೆಯಲ್ಲಿ ಕಲ್ಲಹಟ್ಟಿಯ ಕಡಿದಾದ ಏರನ್ನು ಹೊತ್ತಿಟ್ಟು ಹತ್ತಿದವರಿದ್ದಾರೆ. ಅವರ ಹಿಂದೆ ವಾಹನಗಳಿರುತ್ತವೆ, ವೈದ್ಯರಿರುತ್ತಾರೆ, ವರ್ಷಗಳ ಅಭ್ಯಾಸವಿರುತ್ತದೆ. ನಾವು ಆರಂಭಿಸುವವರು. ನಮ್ಮ ಹಿಂದೆ ಇರುವುದು ಕ್ರೀಡಾ ವಿಭಾಗದ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಅದರ ಬೀಗದ ಕೈ ಎಲ್ಲಿದೆಯೆಂದು ನಿಮಗೆಲ್ಲ ಗೊತ್ತೇ ಇದೆ.

ನಿರಾಕರಣೆಗೆ ಇನ್ನೊಂದು ಕಾರಣವಿದೆ; ಅದು ಭಯದ್ದಲ್ಲ, ನ್ಯಾಯದ್ದು. ಘಟ್ಟ ಹತ್ತುವಾಗ ಸವಾರನ ವೈರಿ ಭಾರ. ನಮ್ಮ ವಿದ್ಯಾರ್ಥಿಗಳ ಮನೆಯಲ್ಲಿರುವ ಸೈಕಲ್ಲು ಹೆಚ್ಚುಕಡಿಮೆ ಇಪ್ಪತ್ತು ಕಿಲೋ ತೂಗುತ್ತದೆ, ಗೇರಿಲ್ಲ. ಪೇಟೆಯ ಸ್ಪರ್ಧಾ ಸೈಕಲ್ಲು ಎಂಟು ಕಿಲೋ, ಹತ್ತಾರು ಗೇರು. ಕಡಿದಾದ ಏರಿನಲ್ಲಿ ಎಷ್ಟೇ ಗಟ್ಟಿಗನಾದರೂ ಮೊದಲನೆಯವನು ಇಳಿದು ತಳ್ಳಬೇಕಾದೀತು, ಎರಡನೆಯವನು ಕುಳಿತೇ ಹತ್ತಿಯಾನು. ಆಗ ಪರೀಕ್ಷೆಗೊಳಗಾಗುವುದು ಕಾಲಲ್ಲ, ಅಪ್ಪನ ಜೇಬು. ಮಟ್ಟಸ ದಾರಿಯಲ್ಲಿ ವೈರಿ ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಆದರೆ ಗಾಳಿಗೆ ಬಹುಪಾಲು ಅಡ್ಡ ನಿಲ್ಲುವುದು ಸೈಕಲ್ಲಲ್ಲ, ಸವಾರನ ಮೈ. ಮೊಣಕೈ ಮಡಚಿ, ಬೆನ್ನು ಬಗ್ಗಿಸಿ, ಗಲ್ಲವನ್ನು ತಗ್ಗಿಸಿ ಕುಳಿತರೆ ಬರುವ ಲಾಭಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ದುಬಾರಿ ಸೈಕಲ್ಲಿಗೆ ಅಲ್ಲಿಯೂ ಅನುಕೂಲವಿದ್ದೇ ಇದೆ. ಆದರೆ ಬಡವನ ಸೈಕಲ್ಲು ದಾರಿಯ ಮಧ್ಯೆ ಕೈಕೊಡುವುದಿಲ್ಲ. ಆದ್ದರಿಂದ ನನ್ನ ಆಯ್ಕೆ ತಾಳವಾಡಿಯ ಬಯಲು. ಗಾಜನೂರಿನ ಕಡೆಯಲ್ಲಿ ಹೊಲಗಳ ನಡುವೆ ಹಾಯುವ ಹಳ್ಳಿರಸ್ತೆಗಳಿವೆ. ಅಲ್ಲಿಗೂ ಆನೆ ಬರುತ್ತದೆ, ಬೆಳೆಗೆ ಬರುತ್ತದೆ, ಬಹುತೇಕ ರಾತ್ರಿಯಲ್ಲಿ ಬರುತ್ತದೆ. ಆಂಗ್ಲರು ನಸುಕಿನಲ್ಲಿ ಓಡಿದರೆಂದು ನಾವೂ ನಸುಕಿಗೆ ಹೊರಡುವುದು ಬೇಡ. ಎಂಟೂವರೆಯ ಬಿಸಿಲು ನಮಗೆ ಸರಿಯಾದ ಹೊತ್ತು.

ಇನ್ನು ಹೇಗೆ ಆರಂಭಿಸಬೇಕೆಂಬ ಪ್ರಶ್ನೆ. ಸೈಕಲ್ಲನ್ನು ಕೊಳ್ಳಬೇಡಿ. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ತಮಿಳುನಾಡು ಹನ್ನೊಂದನೆಯ ತರಗತಿಯವರಿಗೆ ಕೊಡುತ್ತ ಬಂದಿದೆ. ಗಡಿಯ ಈಚೆಗಿನ ಮನೆಯಾದರೇನು ಆಚೆಗಿನದಾದರೇನು, ಸೂರಿನಡಿ ಅಂಥ ಒಂದು ಸೈಕಲ್ಲು ತುಕ್ಕು ಹಿಡಿಯುತ್ತ ನಿಂತಿರುತ್ತದೆ, ಅದರ ಕ್ಯಾರಿಯರಿನ ಮೇಲೆ ಗೊಬ್ಬರದ ಖಾಲಿ ಚೀಲವಿರುತ್ತದೆ. ಅದನ್ನು ಹೊರಗೆ ತೆಗೆಯಿರಿ. ಚೈನನ್ನು ಸೀಮೆಎಣ್ಣೆಯಲ್ಲಿ ಒರೆಸಿ ಎರಡು ಹನಿ ಎಣ್ಣೆ ಬಿಡಿ. ಬ್ರೇಕಿನ ರಬ್ಬರು ಬದಲಿಸಿ. ಬೇರೇನನ್ನು ಮಾಡದಿದ್ದರೂ ಇದನ್ನು ಮಾಡಿ. ಟೈರು ಹೆಬ್ಬೆರಳಿಗೆ ಮಣಿಯದಷ್ಟು ಗಾಳಿ ತುಂಬಿಸಿ. ನಮ್ಮ ಹುಡುಗರಲ್ಲಿ ನಾನು ಕಂಡ ದೊಡ್ಡ ತಪ್ಪು ಸೀಟಿನದು: ಚಿಕ್ಕಂದಿನ ಎತ್ತರದಲ್ಲೇ ಬಿಟ್ಟಿರುತ್ತಾರೆ, ಮಂಡಿ ಎದೆಗೆ ತಾಗುತ್ತಿರುತ್ತದೆ. ಪೆಡಲು ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು, ಅಷ್ಟು ಎತ್ತರಿಸಿ. ತುಳಿಯುವುದು ಮಾತ್ರ ಹಿಮ್ಮಡಿಯಿಂದಲ್ಲ, ಪಾದದ ಮುಂಭಾಗದಿಂದ. ಇಷ್ಟರಿಂದಲೇ ಮಂಡಿನೋವಿನ ಅರ್ಧ ದೂರು ತೀರುತ್ತದೆ. ಖರ್ಚು ಮಾಡಲೇಬೇಕಾದ ವಸ್ತು ಒಂದೇ: ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ಟು.

ಬಳಿಕ ದಾರಿ. ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು ಐದು ಕಿಲೋಮೀಟರು ಗುರುತಿಸಿ. ಹೋಗಿ, ತಿರುಗಿ, ಬನ್ನಿ. ಹೋಗಿಬರುವ ದಾರಿಯಾದರೆ ಏರಿಳಿತವೂ ಗಾಳಿಯೂ ಎಲ್ಲರಿಗೂ ಸಮ. ಎದುರುಗಾಳಿಯಲ್ಲಿ ಕಳೆದದ್ದನ್ನು ಬೆನ್ನುಗಾಳಿಯಲ್ಲಿ ಪೂರ್ತಿ ಗಳಿಸಬಹುದೆಂದು ಮಾತ್ರ ತಿಳಿಯಬೇಡಿ. ಐದು ಕಿಲೋಮೀಟರನ್ನು ಗಂಟೆಗೆ ಇಪ್ಪತ್ತರ ವೇಗದಲ್ಲಿ ಹೋದರೆ ಹದಿನೈದು ನಿಮಿಷ. ಮೂವತ್ತರಲ್ಲಿ ಬಂದರೆ ಹತ್ತು ನಿಮಿಷ. ಒಟ್ಟು ಇಪ್ಪತ್ತೈದು ನಿಮಿಷಕ್ಕೆ ಹತ್ತು ಕಿಲೋಮೀಟರು. ಸರಾಸರಿ ಇಪ್ಪತ್ತೈದಲ್ಲ, ಇಪ್ಪತ್ತನಾಲ್ಕು. ನಿಧಾನದ ಭಾಗದಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ, ಅದಕ್ಕೇ. ಆದ್ದರಿಂದ ಗಾಳಿ ಎದುರಾದಾಗ ಸ್ವಲ್ಪ ಹೆಚ್ಚು ಶ್ರಮ, ಬೆನ್ನಿಗಿದ್ದಾಗ ಸ್ವಲ್ಪ ಕಡಿಮೆ. ಅನುಭವಿಗಳು ಮಾಡುವುದು ಹೀಗೆ.

ಆರಂಭದವರು ಮಾಡುವುದೇನೆಂಬುದನ್ನು ನನ್ನ ಮೊದಲ ಪ್ರಯತ್ನದಿಂದಲೇ ಹೇಳಿಯೇನು. ನಲವತ್ತು ದಾಟಿದ ಮೇಲೆ, ಅಣ್ಣನ ಮಗನ ಸೈಕಲ್ಲಿನಲ್ಲಿ, ಯಾರೂ ನೋಡದ ಒಂದು ಭಾನುವಾರ ಹೊರಟೆ. ಮೊದಲ ಕಿಲೋಮೀಟರು ಹಾರಿಹೋಯಿತು. ಇಷ್ಟೇನೆ ಎನಿಸಿತು. ಐದನೆಯ ಕಲ್ಲಿಗೆ ಹದಿಮೂರೂವರೆ ನಿಮಿಷ. ತಿರುಗಿದ ಮೇಲೆ ತೊಡೆಗಳಲ್ಲಿ ಮರಳು ತುಂಬಿದಂತಾಯಿತು, ಉಸಿರು ಎದೆಯ ಮೇಲ್ಭಾಗದಲ್ಲೇ ಸಿಕ್ಕಿಕೊಂಡಿತು. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು “ಯಾಕಪ್ಪಾ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?” ಎಂದು ಕೇಳಿದರು, ಉತ್ತರಿಸುವ ಶಕ್ತಿಯಿರಲಿಲ್ಲ. ಬರುವಾಗ ಹದಿನೇಳು ನಿಮಿಷ ನಲವತ್ತು ಸೆಕೆಂಡು. ಎರಡು ವಾರ ಬಿಟ್ಟು ಅದೇ ದಾರಿಯಲ್ಲಿ, ಮೊದಲ ಎರಡು ಕಿಲೋಮೀಟರನ್ನು ಬೇಕೆಂದೇ ತಡೆದು ತುಳಿದೆ. ಒಟ್ಟು ಹೊತ್ತು ಹೆಚ್ಚುಕಡಿಮೆ ಎರಡು ನಿಮಿಷ ಇಳಿಯಿತು. ಎರಡು ವಾರದಲ್ಲಿ ಕಾಲು ಬಲಿತಿರಲಿಲ್ಲ, ಬುದ್ಧಿ ಸ್ವಲ್ಪ ಬಂದಿತ್ತು. ಆರಂಭದಲ್ಲಿ ಒಂದೆರಡು ಪದಗಳನ್ನಾದರೂ ಆಡುವಂತಿರಬೇಕು, ನಡುವೆ ಒಂದು ಪದ, ಕೊನೆಯ ಕಿಲೋಮೀಟರಿನಲ್ಲಿ ಒಂದೂ ಬೇಡ. ನಾನು ಕಂಡುಕೊಂಡ ಅಳತೆ ಇದು. ಹೊರಡುವ ಮುನ್ನ ಹದಿನೈದು ನಿಮಿಷ ಹಗುರಾಗಿ ತುಳಿದು ಮೈ ಕಾಯಿಸಿಕೊಳ್ಳುವುದು, ಎರಡು ಗಂಟೆ ಮೊದಲೇ ತಿಂದು ಮುಗಿಸುವುದು, ವಾರಕ್ಕೆ ಮೂರು ದಿನದ ಅಭ್ಯಾಸ. ಇವಿಷ್ಟು ಸಾಕು.

ಹೊತ್ತು ಹಿಡಿಯುವವರ ಬಗ್ಗೆ ಒಂದು ಮಾತು. ಇಡೀ ಸ್ಪರ್ಧೆಗೆ ಒಂದೇ ಗಡಿಯಾರ ನಡೆಯುತ್ತಿರಬೇಕು, ನಿಲ್ಲಿಸಬಾರದು. ಹೊರಟ ಹೊತ್ತನ್ನೂ ಬಂದ ಹೊತ್ತನ್ನೂ ಕಾಗದದ ಮೇಲೆ ಬರೆದು ಕಳೆಯಬೇಕು. ತಿರುವಿನ ಕಲ್ಲಿನ ಬಳಿ ಒಬ್ಬರು ನಿಂತು ಪ್ರತಿ ಸವಾರನ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಬೇಕು. ತುಳಿಯಲು ಮನಸ್ಸಿಲ್ಲದವರಿಗೂ ಇಲ್ಲಿ ಕೆಲಸವಿದೆಯೆಂದಾಯಿತು. ಶಾಸನದ ಒಂದೊಂದು ಅಕ್ಷರವನ್ನು ತಾಳ್ಮೆಯಿಂದ ಓದಿ ಪಾಠಾಂತರ ಗುರುತಿಸುವ ವಿದ್ಯಾರ್ಥಿಗಳು ಸೆಕೆಂಡುಗಳನ್ನು ತಪ್ಪಿಲ್ಲದೆ ಬರೆಯಲಾರರೆ?

“ಸೈಕಲ್ಲು ಹುಡುಗರಿಗಾಯಿತು, ನಮ್ಮನ್ನು ಮನೆಯಲ್ಲಿ ಬಿಡುವುದಿಲ್ಲ” ಎಂದು ಹಿಂದಿನ ಸಾಲಿನಿಂದ ಒಂದು ದನಿ ಕೇಳಿತ್ತು. ಅದನ್ನು ಹಗುರಾಗಿ ತಳ್ಳಿಹಾಕಲಾರೆ. ರಸ್ತೆಯಲ್ಲಿ ಒಬ್ಬಳೇ ಹುಡುಗಿ ಎಂಬ ಮಾತಿನ ಭಾರ ನನಗಿಂತ ನಿಮಗೇ ಹೆಚ್ಚು ಗೊತ್ತು. ಹೆತ್ತವರೊಡನೆ ಮಾತನಾಡಲು ವಿಭಾಗದಿಂದ ನಾವೇ ಬರುತ್ತೇವೆ. ಜೊತೆಗೆ ಒಂದು ಹೆಸರನ್ನು ಕೊಡುತ್ತೇನೆ: ಬೆರಿಲ್ ಬರ್ಟನ್. ಇಂಗ್ಲೆಂಡಿನ ಯಾರ್ಕ್‌ಶೈರಿನ ಈ ಹೆಣ್ಣುಮಗಳು ತೋಟದಲ್ಲಿ ಮೈಮುರಿದು ದುಡಿಯುತ್ತ, ಮನೆ ಮಗಳನ್ನು ನೋಡಿಕೊಳ್ಳುತ್ತ, ಕೊನೆಯವರೆಗೂ ಹವ್ಯಾಸಿಯಾಗಿಯೇ ಸೈಕಲ್ ತುಳಿದವಳು. 1967ರಲ್ಲಿ ಹನ್ನೆರಡು ಗಂಟೆಯ ಕಾಲಪರೀಕ್ಷೆಯಲ್ಲಿ ಆಕೆ 277.25 ಮೈಲಿ, ಎಂದರೆ ಸುಮಾರು 446 ಕಿಲೋಮೀಟರು ಕ್ರಮಿಸಿದಳು. ಅದು ಅಂದಿನ ಪುರುಷರ ದಾಖಲೆಯನ್ನೂ ಮೀರಿದ ದೂರ. ದಾರಿಯಲ್ಲಿ ಪುರುಷರ ಸ್ಪರ್ಧೆಯ ಮುಂಚೂಣಿಯಲ್ಲಿದ್ದವನನ್ನು ಹಿಂದಿಕ್ಕುವಾಗ ಜೇಬಿನಿಂದ ಒಂದು ಮಿಠಾಯಿ ತೆಗೆದು ಅವನ ಕೈಗಿತ್ತಳು; ಅವನು ಇಸಿದುಕೊಂಡು ತಿಂದ. ಮಹಿಳೆಯರ ವಿಭಾಗದಲ್ಲಿ ಆ ದಾಖಲೆ 2017ರವರೆಗೆ, ಐವತ್ತು ವರ್ಷ, ನಿಂತಿತ್ತು.

ನಮ್ಮ ನಾಡಿನಲ್ಲಿಯೂ ದಾರಿ ತೋರಿದವರಿಲ್ಲದಿಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತರ ಮಕ್ಕಳು ದಶಕಗಳಿಂದ ರಾಷ್ಟ್ರೀಯ ಸೈಕಲ್ ಸ್ಪರ್ಧೆಗಳಲ್ಲಿ ಪದಕ ತರುತ್ತಿದ್ದಾರೆ. ಎಂಜಿನಿಯರಿಂಗ್ ಓದುತ್ತಿದ್ದಾಗ ಸೈಕಲ್ಲಿನ ಗೀಳು ಹಿಡಿಸಿಕೊಂಡು ಬೆಂಗಳೂರಿನಲ್ಲಿ ನೆಲೆಸಿದ ನವೀನ್ ಜಾನ್ ರಾಷ್ಟ್ರೀಯ ಕಾಲಪರೀಕ್ಷೆಯನ್ನು ಗೆದ್ದು, 2016ರಲ್ಲಿ ದೋಹಾದ ವಿಶ್ವ ಸ್ಪರ್ಧೆಯವರೆಗೆ ಹೋದರು. ಬೆಂಗಳೂರಿನಲ್ಲಿ ಹವ್ಯಾಸಿಗಳಿಗಾಗಿಯೇ ಸ್ಪರ್ಧಾಮಾಲೆಗಳು ನಡೆಯುತ್ತವೆ. ತಾಳವಾಡಿಯವರಿಗೆ ಅಲ್ಲಿಗೆ ಹೋಗಲು ಮನಸ್ಸು ಹಿಂದೇಟು ಹಾಕುವುದೇಕೆಂದು ಬಲ್ಲೆ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಅಂದಿನಿಂದ ಯಾವ ಅರ್ಜಿ ತುಂಬಲು ಹೋದರೂ ‘ಯಾವ ರಾಜ್ಯ, ಯಾವ ಮಾಧ್ಯಮ’ ಎಂಬಲ್ಲಿ ನಮ್ಮ ಪೆನ್ನು ನಿಲ್ಲುತ್ತದೆ. ನಾವೇ ನಡೆಸುವ ಸ್ಪರ್ಧೆಯ ಅರ್ಜಿಯಲ್ಲಿ ಆ ಕಾಲಮ್ಮು ಇರುವುದಿಲ್ಲವೆಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಪ್ರಾಂಶುಪಾಲರ ಬಳಿ ನಾನು ಹೋಗುವೆ, ಆದರೆ ಘಟ್ಟದ ನಕ್ಷೆ ಹಿಡಿದಲ್ಲ. ಬಯಲಿನ ದಾರಿ, ಹತ್ತು ಕಿಲೋಮೀಟರು, ನಿಮಿಷಕ್ಕೊಬ್ಬರು, ಎಂಟೂವರೆಗೆ ಆರಂಭ, ಹತ್ತರೊಳಗೆ ಮುಕ್ತಾಯ. ಪಂಚಾಯಿತಿ, ಪೊಲೀಸ್, ಅರಣ್ಯ ಇಲಾಖೆ, ಮೂರು ಕಡೆಗೂ ಪತ್ರ ಹೋಗಬೇಕು. ಕರಡನ್ನು ದ್ವಿತೀಯ ವರ್ಷದವರು ಕನ್ನಡದಲ್ಲಿ ಬರೆಯಲಿ. ಈರೋಡಿಗೆ ಹೋಗುವ ಪ್ರತಿಯನ್ನು ತಮಿಳು ಬಲ್ಲವರು ತಮಿಳಿನಲ್ಲಿ ಬರೆಯಲಿ. ಹಿಂದಿನ ದಿನ ರಾತ್ರಿ ಆ ಕಡೆ ಆನೆ ಬಂದ ಸುದ್ದಿ ತಿಳಿದರೆ ಸ್ಪರ್ಧೆ ಮುಂದಕ್ಕೆ ಹೋಗುತ್ತದೆ; ಅದರ ಬಗ್ಗೆ ವಾದ ಬೇಡ. ಮುಂದಿನ ಶನಿವಾರ ಮಧ್ಯಾಹ್ನ, ತರಗತಿಗಳು ಮುಗಿದ ಮೇಲೆ, ಸೈಕಲ್ ನಿಲ್ದಾಣದ ಬೇವಿನ ಮರದ ಕೆಳಗೆ ಸೇರೋಣ. ಸೈಕಲ್ಲನ್ನು ಇದ್ದ ಸ್ಥಿತಿಯಲ್ಲೇ ತನ್ನಿ. ಎಣ್ಣೆ, ಪಾನ, ಪಂಪು ನಾನು ತರುತ್ತೇನೆ. ಬ್ರೇಕಿನ ರಬ್ಬರಿಗೆ ದುಡ್ಡು ನೀವು ತನ್ನಿ.